ಗುಳಿಗೆ ಡಬ್ಬಿಯೊಳಗಿನ ಇಂಗ್ಲಿಷ್

"ಈ ಮನಿ ಹುಡುಗಿ ಡಿಗ್ರಿ ಮುಗಸ್ತಾಳಂದ್ರ ನಾ ಕ್ಲಾರಿನೆಟ್ ಉಲ್ಟಾ ಹಿಡದ ಊದತೀನಿ" ಎಂದವನು ನನ್ನ ದೊಡ್ಡಪ್ಪ. ರೋಣದಲ್ಲಿ ಅವನದು ಮದುವೆ ಬ್ಯಾಂಡು. ನನ್ನ ಅಪ್ಪ ಅದರಲ್ಲಿ ಡೋಲು ಬಾರಿಸುತ್ತಿದ್ದ. ನಮ್ಮ ಮನೆತನದಲ್ಲಿ ಏಳನೆಯ ಇಯತ್ತೆ ದಾಟಿದವರು ಯಾರೂ ಇರಲಿಲ್ಲ, ಹಾಗಾಗಿ ಅಂದು ಎಲ್ಲರೂ ನಕ್ಕರು. ನಗದೆ ಇದ್ದವನು ದೊಡ್ಡಪ್ಪನ ಮಗ, ನನ್ನ ಅಣ್ಣ. "ಈಗಿಂದನ ರೂಢಿ ಮಾಡ್ಕೊಪಾ, ಆಮ್ಯಾಲ ತ್ರಾಸ ಆಕ್ಕೈತಿ" ಎಂದು ತನ್ನ ಅಪ್ಪನ ಮುಖಕ್ಕೇ ಹೇಳಿದ.

ನಮ್ಮೆರಡು ಮನೆಗಳಿಗೆ ಒಂದೇ ಅಂಗಳ. ಅಣ್ಣ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತ ಬೆಳೆದ, ಆಮೇಲೆ ಹುಬ್ಬಳ್ಳಿಗೆ ಹೋಗಿ ಗಿಟಾರ್ ಹಿಡಿದ. ಮೂವರನ್ನು ಕೂಡಿಸಿಕೊಂಡು ರಾಕ್ ತಂಡ ಕಟ್ಟಿ, ನಮ್ಮ ಆಡುಮಾತಿನಲ್ಲೇ ಹಾಡು ಬರೆದು ಹಾಡಿದ. ನರಗುಂದದ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿನಲ್ಲಿ ನಾನು ಅವನನ್ನು ಮೊದಲ ಸಲ ವೇದಿಕೆಯ ಮೇಲೆ ಕಂಡೆ. ಮನೆಯಲ್ಲಿ ಎಂದೂ ದನಿ ಏರಿಸದವನು ಅಲ್ಲಿ ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದ. ನನ್ನ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಿವಿ ಮುಚ್ಚಿಕೊಂಡೇ, "ಗದ್ದಲ ಭಾಳ ಆತು. ಆದ್ರ ಹುಡುಗ ಖರೇನ ಹಾಡಾಕತ್ತಾನ" ಎಂದರು.

ಎರಡು ವರ್ಷಕ್ಕೆ ತಂಡ ಒಡೆಯಿತು. ತಂಡ ಒಡೆದದ್ದಕ್ಕೆ ಅಣ್ಣ ಕುಸಿದನೋ, ಅವನು ಕುಸಿದದ್ದಕ್ಕೆ ತಂಡ ಒಡೆಯಿತೋ, ನನಗೆ ತಿಳಿಯದು. ಊರಿಗೆ ಬಂದವನು ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ದೊಡ್ಡಪ್ಪ ಮೈಗಳ್ಳ ಎಂದ. ದೊಡ್ಡವ್ವ ದೃಷ್ಟಿ ತೆಗೆದಳು, ಇಟಗಿಯ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು, ದರ್ಗಾದಿಂದ ದಾರ ತಂದು ಕಟ್ಟಿದಳು. ಕಡೆಗೆ ದೊಡ್ಡಪ್ಪ ಅವನಿಗೆ ಬ್ಯಾಂಡಿನ ಕೆಂಪು ಕೋಟು ತೊಡಿಸಿ ನರೇಗಲ್ಲಿನ ಒಂದು ಮದುವೆಗೆ ಎಳೆದುಕೊಂಡು ಹೋದ. ಮೆರವಣಿಗೆಯ ನಡುವೆ ಕೀಬೋರ್ಡಿನ ಮೇಲೆ ಅಣ್ಣನ ಕೈ ನಿಂತೇಬಿಟ್ಟಿತು. "ಏ, ಕರೆಂಟ್ ಹೋತನು?" ಎಂದು ವರನ ಗೆಳೆಯರು ಕೂಗಿದರು. ದೊಡ್ಡಪ್ಪ ಕ್ಲಾರಿನೆಟ್ ಜೋರು ಮಾಡಿ ಮಾನ ಉಳಿಸಿಕೊಂಡ.

"ಸ್ವರ ಗೊತ್ತಿತ್ತವಾ. ಬೆರಳಿಗೆ ಹೇಳಾಕ ಒಳಗ ಯಾರೂ ಇರಲಿಲ್ಲ" ಎಂದು ಅಣ್ಣ ಮರುದಿನ ನನಗೆ ಹೇಳಿದ.

ಆಗ ನಾನು ಗಜೇಂದ್ರಗಡದ ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗದಗಿನ ಮನೋರೋಗ ವೈದ್ಯರ ಹತ್ತಿರ ಅಣ್ಣನನ್ನು ಕರೆದುಕೊಂಡು ಹೋದವಳು ನಾನೇ. "ಹುಚ್ಚರ ದವಾಖಾನಿಗೆ ಹೊಂಟಾರ" ಎಂದು ದೊಡ್ಡಪ್ಪ ಅಂಗಳದಲ್ಲಿ ಕೂಗಾಡಿದರೂ ಕೇಳಲಿಲ್ಲ. ಇದು ಖಿನ್ನತೆ, ವಾಸಿಯಾಗುತ್ತದೆ ಎಂದರು ಡಾಕ್ಟರು. "ಗುಳಿಗಿ ಮಾತ್ರ ನನ್ನ ಕೇಳದ ಬಿಡಬ್ಯಾಡ್ರಿ" ಎಂದೂ ಹೇಳಿದರು. ಆ ಮಾತು ಕೇಳುವಾಗ ನಾನು ಅಣ್ಣನ ಪಕ್ಕದಲ್ಲೇ ಕೂತಿದ್ದೆ.

ಎರಡು ತಿಂಗಳಲ್ಲಿ ಅವನು ಎದ್ದು ಕೂತ. ಗಡ್ಡ ತೆಗೆದ. ಎರಡನೆಯ ರೊಟ್ಟಿ ಕೇಳಿದ. ಗಿಟಾರಿಗೆ ಹೊಸ ತಂತಿ ಹಾಕಿದ. ನನ್ನನ್ನು ಮತ್ತೆ "ಪ್ರೊಫೆಸರಮ್ಮಾ" ಎಂದು ಕಾಡತೊಡಗಿದ. ಒಂದು ಮುಂಜಾನೆ ಗುಳಿಗೆ ಡಬ್ಬಿಯೊಳಗಿನ ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದ.

ನಮ್ಮಲ್ಲಿ ಇಂಗ್ಲಿಷಿನಲ್ಲಿ ಏನೇ ಬರಲಿ, ಅದು ನನ್ನ ಕೈಗೇ ಬರಬೇಕು. ಬ್ಯಾಂಕಿನ ಪತ್ರ, ಮೊಬೈಲಿಗೆ ಬಂದ ಸಂದೇಶ, ಓಣಿಯವರ ರಕ್ತ ತಪಾಸಣೆಯ ಕಾಗದ. ನಾನು ಓದಿ ಹೇಳಿದ್ದೇ ಖರೆ. ತಿಳಿಯದ ಶಬ್ದ ಬಂದರೂ ಅಳುಕದೆ ಏನೋ ಒಂದು ಅರ್ಥ ಹೇಳುವುದು ನನಗೆ ರೂಢಿಯಾಗಿತ್ತು. ಗೊತ್ತಿಲ್ಲ ಎಂದರೆ ದೊಡ್ಡಪ್ಪ ಗೆದ್ದಂತೆ ಎಂಬ ಭಯ.

"ಗಿಟಾರ್ ನುಡಿಸೂ ಮುಂದ ಬೆರಳ ನಡಗತಾವು. ಈ ಗುಳಿಗೀದ ಕೆಲಸ ಏನು ನೋಡ" ಎಂದ ಅಣ್ಣ.

ಸಣ್ಣ ಅಕ್ಷರ, ಉದ್ದುದ್ದ ಶಬ್ದ. ಅರ್ಧಕ್ಕರ್ಧ ತಿಳಿಯಲಿಲ್ಲ. ನಡುಕ, ನಿದ್ದೆ, ವಾಕರಿಕೆ, ಇಷ್ಟು ತಿಳಿದವು. ಅಷ್ಟೇ ಹಿಡಿದುಕೊಂಡು, "ನಡಗೂದು ಇದರಿಂದನ. ಚಟಾ ಹತ್ತಸೂ ಗುಳಿಗಿ ಇವು. ಈಗ ಚಲೋ ಆಗೀಯಲ್ಲ, ಬಿಡು" ಎಂದೆ. ಚಟದ ಮಾತು ಆ ಚೀಟಿಯಲ್ಲಿ ಇರಲೇ ಇಲ್ಲ.

"ಡಾಕ್ಟರ್‌ನ ಒಂದ ಮಾತು ಕೇಳೂಣೇನು?"

"ಅವರೇನ ಬ್ಯಾರೆ ಓದತಾರ? ಇಲ್ಲಿ ಬರದೈತಲ್ಲ."

"ಆತ ಬಿಡವಾ. ನೀ ಅಂದಮ್ಯಾಲ ಮುಗೀತು." ಡಬ್ಬಿಯನ್ನು ನನ್ನ ಕಣ್ಣೆದುರೇ ತಿಪ್ಪೆಗೆ ಎಸೆದ.

ಹತ್ತು ದಿನ ಚೆನ್ನಾಗಿದ್ದ. ಬೆರಳು ಹಗುರಾಗಿವೆ ಎಂದು ಕುಣಿದಾಡಿದ. ನಾನೂ ಬೀಗಿದೆ. ಆಮೇಲೆ ಮಾತು ಕಡಿಮೆಯಾಯಿತು, ರೊಟ್ಟಿ ತಟ್ಟೆಯಲ್ಲೇ ಉಳಿಯತೊಡಗಿತು. ನನಗೆ ಕೊನೆಯ ವರ್ಷದ ಪರೀಕ್ಷೆ. ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತು, "ಮತ್ತ ಗುಳಿಗಿ ಚಾಲೂ ಮಾಡ್ಲೇನು?" ಎಂದು ಕೇಳಿದ. ಪುಸ್ತಕದಿಂದ ತಲೆ ಎತ್ತದೆ, "ಇನ್ನ ಎರಡ ಪೇಪರ್ ಅದಾವು. ಮುಗೀಲಿ, ನಾನ ಗದಗಕ್ಕ ಕರಕೊಂಡ ಹೊಕ್ಕೀನಿ" ಎಂದೆ.

"ಹೂಂ" ಎಂದು ಹೋದ.

ಆ ಎರಡು ಪೇಪರ್ ನಾನು ಬರೆಯಲಿಲ್ಲ. ಅದಕ್ಕೂ ಮೊದಲೇ ಅಣ್ಣ ತನ್ನ ಜೀವ ತಾನೇ ತೆಗೆದುಕೊಂಡ. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು.

ತಿಂಗಳಾದ ಮೇಲೆ ಒಬ್ಬಳೇ ಗದಗಿಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು, "ಅದೊಂದ ಕಾರಣ ಅನ್ನಾಕ ಬರೂದಿಲ್ಲವಾ. ಆದ್ರ ಹಂಗ ಒಮ್ಮೆಲೆ ಬಿಡಬಾರದಿತ್ತು" ಎಂದರು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಮನೆಯಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಮರುವರ್ಷ ಉಳಿದ ಪೇಪರ್ ಬರೆದು ಪಾಸಾದೆ. ಬಸ್ ಚಾರ್ಜಿಗೆಂದು ಅವ್ವ ಮಂದಿಯ ಹೊಲದಲ್ಲಿ ಕಳೆ ತೆಗೆದು ಓದಿಸಿದ ಡಿಗ್ರಿ ಅದು. ಹೆಮ್ಮೆ ಇಲ್ಲ ಎಂದರೆ ಸುಳ್ಳಾದೀತು. ಗಜೇಂದ್ರಗಡದ ಕಾಲೇಜಿನ ಕಚೇರಿಯಲ್ಲಿ ಸರ್ಟಿಫಿಕೇಟು ಇಸಿದುಕೊಂಡು ಊರಿಗೆ ಬಂದಾಗ ದೊಡ್ಡವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗುಳಿಗೆ ಬಿಡಿಸಿದವಳು ನಾನೇ ಎಂದು ಇಂದು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಮೊದಲು ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಕಾಗದ ಹರಿದೀತೆಂಬಂತೆ ಎರಡೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು.

"ಅಂವ ಯಾರ ಮಾತೂ ಕಿವಿಗೆ ಹಾಕ್ಕೋತಿದ್ದಿಲ್ಲ, ನನ್ನವ್ವಾ," ಎಂದಳು. "ನೀ ಹೇಳಿದ್ದೊಂದ ಕೇಳತಿದ್ದ."