ಖಾನೆಯಲ್ಲಿ ಉಳಿದ ಹಾಳೆಗಳು

ಮೈದಾ ಅಂಟು ಕುದಿಯುವಾಗ ಹುಳ ಬೀಳದಿರಲೆಂದು ಮೈಲುತುತ್ತದ ಚೂರು ಹಾಕಿದರೆ ಒಂದು ಒಗರು ವಾಸನೆ ಏಳುತ್ತದೆ. ಬೈಂಡಿಂಗ್ ಕೆಲಸದವನಿಗೆ ಅದು ದಿನದ ವಾಸನೆ, ಮೂಗು ಗುರುತು ಹಿಡಿಯುವುದೇ ಇಲ್ಲ. ಆದರೆ ಹೋದ ವಾರ ಯರಗಟ್ಟಿಯ ಹುಡುಗನೊಬ್ಬನ ಪ್ರಾಜೆಕ್ಟಿಗೆ ರಟ್ಟು ಹಾಕಲು ಅಂಟು ಒಲೆಯ ಮೇಲಿಟ್ಟು, ದಾರ ಹುಡುಕಲು ಕೆಳಗಿನ ಖಾನೆ ಎಳೆದಾಗ, ಸುತಳಿ ಸುತ್ತಿದ ಬಿಡಿ ಹಾಳೆಗಳ ಕಟ್ಟೊಂದು ಕೈಗೆ ಬಂತು. ಆ ವಾಸನೆ, ಆ ಕಟ್ಟು ಎರಡೂ ಕೂಡಿ ಸರ್ ಅವರನ್ನು ನನ್ನ ಅಂಗಡಿಯ ಬೆಂಚಿನ ಮೇಲೆ ತಂದು ಕೂರಿಸಿದವು...

ಅವರು ಬೈಲಹೊಂಗಲದಲ್ಲಿ ಎಂ.ಎ. ಮಕ್ಕಳಿಗೆ ಕಲಿಸುತ್ತಿದ್ದರು. ಕಿತ್ತೂರಿನಿಂದ ಬಸ್ಸಿಗೆ ಬರುವವರು. ಶಾಸ್ತ್ರ ಓದಿದ ಮನೆತನ, ಆದರೆ ಅವರ ಹಟವೆಲ್ಲ ಸಂಶೋಧನಾ ಲೇಖನ ಓದಿಸುವುದರ ಮೇಲೆ. ಶನಿವಾರ ಮಧ್ಯಾಹ್ನ ಕಾಲೇಜಿಗೆ ಬೀಗ ಬಿದ್ದ ಮೇಲೆ ನನ್ನ ಅಂಗಡಿಯಲ್ಲೇ ಪಾಠ. ಲೇಖನದ ಜೆರಾಕ್ಸ್ ತೆಗೆದ ಕೂಡಲೇ, "ತಲಿ ತಗೀರಿ, ಬಾಲ ತಗೀರಿ," ಎನ್ನುತ್ತಿದ್ದರು. ಸಾರಾಂಶವಿರುವ ಮೊದಲ ಹಾಳೆ, ತೀರ್ಮಾನವಿರುವ ಕೊನೆಯ ಹಾಳೆ ಎರಡನ್ನೂ ನಾನು ಬೇರೆ ಮಾಡಿ ಖಾನೆಯಲ್ಲಿಟ್ಟು ಕೀಲಿ ಹಾಕಬೇಕು. ಮಕ್ಕಳ ಕೈಗೆ ನಡುವಿನದು ಮಾತ್ರ. ಲೇಖನ ಬರೆದವರು ಯಾರನ್ನು ಕೇಳಿದರು, ಏನು ಕೇಳಿದರು, ಏನು ಉತ್ತರ ಬಂತು... ಅದನ್ನು ಓದಿ, ಇದರಿಂದ ಏನು ಹೇಳಬಹುದೆಂದು ಮಕ್ಕಳೇ ಹೇಳಬೇಕು. ಆಮೇಲೆ ಖಾನೆ ತೆರೆಯುವುದು. ಹಾಗೆ ಓದದವರ ಪ್ರಾಜೆಕ್ಟಿಗೆ ಸರ್ ಸಹಿ ಇಲ್ಲ.

"ಕಾಕಾ, ಒಂದ್ ಸಲ ಖಾನಿ ತಗೀರಿ, ಫೋಟೋ ಹೊಡಕೊಂಡು ವಾಪಸ್ ಕೊಡ್ತೇವಿ," ಎಂದು ಕಟಕೋಳದ ಹುಡುಗ ಗಂಟು ಬೀಳುತ್ತಿದ್ದ. ಬೈದು ಅಟ್ಟುತ್ತಿದ್ದೆ. ಕೊನೆಗೆ ಒಬ್ಬೊಬ್ಬರೇ ಜಾರಿದರು. ರಟ್ಟಿನ ಬಣ್ಣ ನೋಡಿ ಸಹಿ ಹಾಕುವ ಗೈಡುಗಳಿಗೇನು ಬರವಿರಲಿಲ್ಲ. ಸರ್ ಹತ್ತಿರ ಉಳಿದವಳು ಅದೇ ಎಂ.ಎ. ಓದುತ್ತಿದ್ದ ನನ್ನ ಮಗಳು ಒಬ್ಬಳೇ.

ನನ್ನ ಓದು ಏಳನೇ ಇಯತ್ತೆಗೆ ನಿಂತಿದ್ದು. ಸವದತ್ತಿಯಲ್ಲಿ ಕೆಲಸ ಕಲಿತು, ಈ ಅಂಗಡಿಯನ್ನು ನನ್ನ ಕೈಯಾರೆ ಕಟ್ಟಿದೆ. ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಆ ವರ್ಷ ಊರ ಮಕ್ಕಳ ಪ್ರಾಜೆಕ್ಟಿಗೆಲ್ಲ ಕೆಂಪು ರಟ್ಟು, ಬಂಗಾರದ ಅಕ್ಷರ ಹಾಕಿ ಕೊಟ್ಟೆ. ನನ್ನ ಮಗಳದು ಮಾತ್ರ ಸಹಿ ಇಲ್ಲದೆ ಬಿಡಿ ಹಾಳೆಯಾಗಿ ಬಿದ್ದಿತ್ತು. ಸೋಮವಾರ ಒಪ್ಪಿಸದಿದ್ದರೆ ಅವಳ ವರ್ಷ ಹೋಗುತ್ತಿತ್ತು.

"ಎಲ್ಲಾರದೂ ಆತ್ರಿ ಸರ್. ಬೈಂಡಿಂಗಿನವನ ಮಗಳದಷ್ಟ ಯಾಕ ನಿಂತೈತಿ?" ಎಂದು ಕೇಳಿಯೇಬಿಟ್ಟೆ.

"ಆಕಿ ಇನ್ನೂ ಓದ್ಲಿಕ್ಕತ್ತಾಳ, ಅದಕ್ಕ ನಿಂತದ."

ಮೈ ಉರಿಯಿತು. "ಓದಿದ್ದಕ್ಕ ಶಿಕ್ಷಾ ಏನ್ರಿ ಇದು?"

ಅವರು ಚಹಾ ಮುಗಿಸಿ ಕಪ್ಪನ್ನು ಬೆಂಚಿನ ಕೆಳಗಿಟ್ಟರು.

ಅಷ್ಟರಲ್ಲಿ ಮಗಳು ಬಂದಳು. ಹಳ್ಳಿಯ ಮಕ್ಕಳು ಶಾಲೆ ಯಾಕೆ ಬಿಡುತ್ತಾರೆ ಎಂಬ ಲೇಖನವೊಂದನ್ನು ಅವಳು ಪ್ರಾಜೆಕ್ಟಿನಲ್ಲಿ ಆಧಾರವಾಗಿ ಕೊಟ್ಟಿದ್ದಳು. ಓದದೆ, ಇನ್ನೊಬ್ಬರ ಬರಹದಿಂದ ಎತ್ತಿದ್ದು. ಸರ್ ತಡೆದದ್ದು ಅಲ್ಲೇ. ಈಗ ಅದರ ನಡುವಿನ ಹಾಳೆಗಳನ್ನು ಗೀಚಿ ಗೀಚಿ ಓದಿ ತಂದಿದ್ದಳು.

"ಮಕ್ಕಳು ಯಾಕ ಸಾಲಿ ಬಿಡ್ತಾರ ಅನ್ನೂದು ಇದರಾಗ ಗೊತ್ತಾಗೂದಿಲ್ರಿ ಸರ್. ಮಾಸ್ತರಗೋಳು ಏನ್ ತಿಳ್ಕೊಂಡಾರ ಅನ್ನೂದಷ್ಟ ಗೊತ್ತಾಗ್ತೈತಿ."

ಸರ್ ನನ್ನತ್ತ ಕೈ ಚಾಚಿದರು. ಖಾನೆ ತೆರೆದು ಕೊನೆಯ ಹಾಳೆ ಕೊಟ್ಟೆ. ಗಟ್ಟಿಯಾಗಿ ಓದಿದರು. ಓದಿನಲ್ಲಿ ಆಸಕ್ತಿ ಇಲ್ಲದಿರುವುದೇ ಮಕ್ಕಳು ಶಾಲೆ ಬಿಡಲು ಮುಖ್ಯ ಕಾರಣ ಎಂದಿತ್ತು.

ಮಗಳ ಮುಖ ಸಣ್ಣದಾಯಿತು. "ಹಂಗಾರ ನಂದ ತಪ್ಪಾತ್ರಿ."

"ಅಚ್ಚಾಗೇದ ಅಂದಕೂಡ್ಲೆ ನಿಂದು ತಪ್ಪಾತೇನು? ನಡುವ ಏನದ, ಇನ್ನೊಮ್ಮೆ ನೋಡಿ ಹೇಳು ತಂಗಿ."

ಅವಳು ಹಾಳೆ ತಿರುವಿದಳು. "ಕೇಳಿದ್ದೆಲ್ಲಾ ಮಾಸ್ತರಗೋಳನ್ನ. ಸಾಲಿ ಬಿಟ್ಟವರನ್ನ ಒಬ್ರನ್ನೂ ಕೇಳಿಲ್ರಿ." ನನ್ನ ಕಡೆ ನೋಡದೆ ಅಂದಳು, "ನಮ್ಮಪ್ಪನ್ನ ಕೇಳಿದ್ರ ಬ್ಯಾರೇನ ಹೇಳ್ತಿದ್ದ."

ಕಟಿಂಗ್ ಮಷಿನ್ನಿನ ಹಿಡಿಕೆ ಹಿಡಿದು ನಿಂತುಬಿಟ್ಟೆ. ಅಪ್ಪನ ಕೈ ಅರಳೆ ಗಿರಣಿಯ ಯಂತ್ರದ ಬೆಲ್ಟಿಗೆ ಸಿಕ್ಕ ವರ್ಷ ಶಾಲೆ ಬಿಟ್ಟವನು ನಾನು. ಲೆಕ್ಕದಲ್ಲಿ ಆಗ ತರಗತಿಗೇ ಮುಂದಿದ್ದೆ. ಆಸಕ್ತಿ ಇತ್ತೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ...

ಅವಳು ಅಲ್ಲೇ ಕುಳಿತು ಪ್ರಾಜೆಕ್ಟಿನ ಆ ಪುಟ ತಿದ್ದಿ ಬರೆದಳು. ಸರ್ ಸಹಿ ಹಾಕಿ, "ಇದಕ್ಕ ಗಟ್ಟಿ ರಟ್ಟು ಹಾಕ್ರಿ," ಎಂದರು. ಹಾಕಿದೆ.

ಮಗಳು ಈಗ ರಾಮದುರ್ಗದಲ್ಲಿ ಕಲಿಸುತ್ತಾಳೆ. ಸರ್ ಮಾತ್ರ ನಿವೃತ್ತಿಯ ವರ್ಷವೂ ಹಟ ಬಿಡಲಿಲ್ಲ. ಹೊಸ ಮಕ್ಕಳಿಗೆ ನಡುವಿನ ಹಾಳೆ ಹಂಚಿ, ತಲೆ ಬಾಲ ನನ್ನ ಖಾನೆಗೆ ಹಾಕಿಸಿದರು. ಮುಂದಿನ ಶನಿವಾರ ಸಂಜೆಯ ಬಸ್ಸಿನವರೆಗೂ ಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. "ಬರ್ತಾರ, ಇಟ್ಟಿರ್ರಿ," ಎಂದು ಹೇಳಿ ಹೋದರು. ಹೋದ ಚಳಿಗಾಲ ಅವರು ತೀರಿಕೊಂಡ ಸುದ್ದಿ ಬಂತು. ಖಾನೆಯಲ್ಲಿ ಸಿಕ್ಕಿದ್ದು ಅದೇ ಕಟ್ಟು.

ಯರಗಟ್ಟಿಯ ಹುಡುಗ ಇನ್ನೂ ಕಾಯುತ್ತಾ ನಿಂತಿದ್ದ. ಪ್ರಾಜೆಕ್ಟಿನ ಲೇಖನಗಳನ್ನು ಓದಿದೆಯಾ ಎಂದು ಕೇಳಿದರೆ, ಲೇಖನ ಹಾಕಿದರೆ ಮೊಬೈಲೇ ನಾಲ್ಕು ಸಾಲಿನಲ್ಲಿ ಎಲ್ಲ ಹೇಳುತ್ತದಂತೆ.

"ಲೇಖನ ಬರದವರು ಯಾರನ್ನ ಕೇಳ್ಯಾರ, ನೋಡಿಯೇನಪಾ?" ಎಂದೆ.

"ನೀವ್ ಬೈಂಡಿಂಗ್ ಮಾಡ್ರಿ ಕಾಕಾ, ಬಸ್ ಹೊಕ್ಕೈತಿ."

ಮಾಡಿಕೊಟ್ಟೆ. ಅವನು ಬಸ್ಸಿಗೆ ಓಡಿದ. ಕಟ್ಟನ್ನು ರದ್ದಿಗೆ ಎಸೆಯಲು ಎತ್ತಿದವನು ಮತ್ತೆ ಒಳಗಿಟ್ಟೆ. ಇಡಿ ಎಂದವರಿಲ್ಲ, ನಡುವಿನದನ್ನು ಓದಿ ಬಂದು ಕೇಳುವವರೂ ಇಲ್ಲ. ಖಾನೆಗೆ ಕೀಲಿ ಹಾಕಿದೆ.