ಎಡಕ್ಕೆ ಹೊರಳಿದರೆ ಮಾತ್ರ

ಅವ್ವನ ತಲೆಸುತ್ತು ವಾಸಿಯಾಗಿದ್ದು ನನ್ನಿಂದ ಎಂದು ಗುಡೇಮಾರನಹಳ್ಳಿಯ ನೆಂಟರೆಲ್ಲ ಹೇಳುತ್ತಾರೆ. ‘ಓದಿದ ಮಗ್ಳು, ರಕ್ತ ಟೆಸ್ಟ್ ಮಾಡ್ಸಿ ಕಾಯ್ಲೆ ಕಂಡ್‌ಹಿಡಿದ್ಲು’ ಎಂಬುದು ಅವರ ವಾದ. ನನ್ನ ಆಕ್ಷೇಪಣೆಯಿದೆ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದ ನನ್ನ ಆರು ಕಪ್ಪುಗಳ ಮೇಲಾಣೆ, ಆ ಕಾಯಿಲೆಯನ್ನು ಒಂದು ತಿಂಗಳು ಸಾಕಿದವಳು ನಾನು.

ಹಾಲು ಕರೆಯಲು ಬಗ್ಗಿದಾಗಲೆಲ್ಲ ಅವ್ವನಿಗೆ ಕೊಟ್ಟಿಗೆಯೇ ಗಿರ್ರನೆ ತಿರುಗುತ್ತಿತ್ತು. ಒಂದು ದಿನ ತಂಬಿಗೆಯ ಸಮೇತ ಬಿದ್ದಳು. ‘ಪಿತ್ತ ಜಾಸ್ತಿಯಾಗೈತೆ’ ಎಂದು ಅಪ್ಪ ತೀರ್ಪು ಕೊಟ್ಟರು. ‘ಇನ್ನೊಂದ್ ತಿಂಗ್ಳು ನೋಡ್ತೀನಿ. ಆಮೇಲೆ ಹಸನ ಕಲ್ಯದಲ್ಲಿರೋ ನಿನ್ ತಂಗಿ ಮನೇಗೆ ಹೊಡ್ಕೊಂಡೋಯ್ತೀನಿ.’ ಅದು ಅವ್ವ ಕರುವಾಗಿದ್ದಾಗಿನಿಂದ ಸಾಕಿದ ಹಸು. ನಾನು ಬಿಡುತ್ತೇನೆಯೇ?

‘ಪಿತ್ತಕ್ಕೆ ಪುರಾವೆ ಎಲ್ಲಿದೆ ಅಪ್ಪ? ಇದು ಖನಿಜದ ಕೊರತೆ.’

‘ಎಡಕ್ ಹೊರಳುದ್ರೆ ಮಾತ್ರ ಕಣವ್ವ’ ಅಂದಳು ಅವ್ವ.

‘ಅದು ಅಪ್ರಸ್ತುತ.’

‘ಅಲ್ವೇ, ತಲೆ ತಿರುಗ್ತಿರೋದು ನಂಗೋ, ನಿಂಗೋ?’

ಮಾಗಡಿಯ ಲ್ಯಾಬಿನಲ್ಲಿ ರಕ್ತ ಕೊಡಿಸಿದೆ. ರಿಪೋರ್ಟಿನಲ್ಲಿ ಎಲ್ಲವೂ ಸರಿಯಿತ್ತು, ಮೆಗ್ನೀಷಿಯಂ ಮಾತ್ರ ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ. ಆ ಕೂದಲೆಳೆ ಹಿಡಿದು ಅಪ್ಪನೆದುರು ಅರ್ಧ ಗಂಟೆ ಭಾಷಣ ಮಾಡಿದೆ. ಯಾವ ಡಾಕ್ಟರನ್ನೂ ಕೇಳದೆ ಮಾತ್ರೆ ತಂದೆ. ಅವ್ವ ದಿನಾ ನುಂಗಿದಳು. ಕೇಳಿದಾಗಲೆಲ್ಲ ‘ಒಸಿ ವಾಸಿ ಕಣವ್ವ’ ಅನ್ನುತ್ತಿದ್ದಳು. ನಾನು ಅದನ್ನು ಡೈರಿಯಲ್ಲಿ ಪುರಾವೆ ಎಂದು ಬರೆದುಕೊಂಡೆ. ಎಡಕ್ಕೆ ಎಂದು ಇನ್ನೆರಡು ಸಲ ಹೇಳಿದ್ದಳು. ಅದನ್ನು ಬರೆದುಕೊಳ್ಳಲಿಲ್ಲ.

ತಿಂಗಳು ತುಂಬಲು ಎರಡು ದಿನವಿದ್ದಾಗ ಮತ್ತೆ ಬಿದ್ದಳು. ಅಪ್ಪ ಹಸುವಿನ ಹಗ್ಗ ಬಿಚ್ಚುವ ಮೊದಲೇ ಅವಳನ್ನು ಬಸ್ಸು ಹತ್ತಿಸಿ, ತಲೆಸುತ್ತಿಗೆ ಅವರೇ ಸರಿ ಎಂದು ಲ್ಯಾಬಿನವರು ಹೇಳಿದ್ದ ರಾಮನಗರದ ಕಿವಿ ಡಾಕ್ಟರ ಬಳಿ ಕರೆದೊಯ್ದೆ. ರಿಪೋರ್ಟಿದ್ದ ನನ್ನ ಫೈಲನ್ನು ಅವರು ತೆರೆಯಲೇ ಇಲ್ಲ.

‘ಯಾವ ಕಡೆ ತಿರುಗಿದ್ರೆ ಬರುತ್ತಮ್ಮ?’

‘ಎಡಕ್ಕೆ ಸ್ವಾಮಿ’ ಅಂದಳು ಅವ್ವ, ನನ್ನ ಕಡೆ ನೋಡದೆ.

ಅವಳ ತಲೆ ಹಿಡಿದು ಎಡಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿದರು. ಅವಳ ಕಣ್ಣುಗುಡ್ಡೆಗಳು ಅದುರತೊಡಗಿದವು. ಆಮೇಲೆ ನಿಧಾನಕ್ಕೆ ತಲೆಯನ್ನು ಬಲಕ್ಕೆ ಹೊರಳಿಸಿ ಎಬ್ಬಿಸಿ ಕೂರಿಸಿದರು. ‘ಕಿವಿಯೊಳಗಿನ ಸುಣ್ಣದ ಹರಳು ಜಾರಿತ್ತು, ಈಗ ವಾಪಸ್ ಕೂತಿದೆ’ ಅಂದರು.

ನಾನು ಎದ್ದುನಿಂತೆ. ‘ಸುಣ್ಣ ಅಂದ್ರೆ ಕ್ಯಾಲ್ಸಿಯಂ. ಖನಿಜವೇ ಅಲ್ವಾ ಸರ್?’

‘ಖನಿಜವೇ. ಆದ್ರೆ ಕಡಿಮೆಯಾಗಿರ್ಲಿಲ್ಲಮ್ಮ, ಜಾಗ ತಪ್ಪಿತ್ತು.’

ಜಾಗ ತಪ್ಪಿದ್ದು ಹರಳೊಂದೇ ಅಲ್ಲ ಎಂದು ನನಗೆ ಅರ್ಥವಾಯಿತು.

ಹಸು ಉಳಿಯಿತು. ಮರುವಾರ ಅವ್ವ ಬಗ್ಗಿ, ತಲೆಯನ್ನು ಎಡಕ್ಕೆ ವಾಲಿಸಿ ಹಾಲು ಕರೆಯುತ್ತಿದ್ದಳು. ನಾನು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದೆ.

‘ಅವ್ವ, ಮಾತ್ರೆಯಿಂದ ಏನೂ ಆಗ್ತಿಲ್ಲ ಅಂತ ನಿಂಗೆ ಗೊತ್ತಿತ್ತು. ಹಸ ಹೋಗೋ ಹಂಗಿದ್ರೂ ದಿನಾ ಒಸಿ ವಾಸಿ ಅಂತ ಯಾಕಂದೆ?’

‘ಎಡಕ್ಕೆ ಅಂದ್ರೆ ನೀನ್ ಬರ್ಕೊತಿರ್ಲಿಲ್ಲ, ಒಸಿ ವಾಸಿ ಅಂದ್ರೆ ನಿನ್ ಮೊಕ ಅರಳ್ತಿತ್ತು ಕಣವ್ವ’ ಅಂದಳು ಅವ್ವ, ಕರೆಯುವುದನ್ನು ನಿಲ್ಲಿಸದೆ.