ಮೈಕ್ರೋ ಹೋಗಿ ಮಿಲಿ ಆದ ಹತ್ತು ದಿನ

ಸುಳ್ಯದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಕಂಪ್ಯೂಟರ್ ಕೆಲಸಕ್ಕಿದ್ದೆ. ಹೊರಗೆ ಓಡಾಡಲಾಗದ ವಯಸ್ಸಾದವರ ಮದ್ದಿನ ಪಟ್ಟಿಯನ್ನು ಎಕ್ಸೆಲ್ ಶೀಟಿನಲ್ಲಿ ಮಾಡಿ, ಒಬ್ಬೊಬ್ಬರದ್ದು ಒಂದೊಂದು ಹಾಳೆ ಪ್ರಿಂಟ್ ತೆಗೆದು ಸಿಸ್ಟರ್ ಕೈಗೆ ಕೊಡುವುದು. ಅವರು ಜೀಪಿನಲ್ಲಿ ಹೋಗಿ ಮನೆಮನೆಗೆ ಮುಟ್ಟಿಸುತ್ತಿದ್ದರು.

ಥೈರಾಯ್ಡ್ ಮಾತ್ರೆಯ ಅಳತೆ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಂನ ಸಾವಿರದಲ್ಲಿ ಒಂದು ಪಾಲು. ಅದನ್ನು ಬರೆಯಲು ಬಾಲವಿರುವ µ ಬೇಕು. ನನಗಿಂತ ಮೊದಲು ಅಲ್ಲಿದ್ದವರು ಒಂದು ಉಪಾಯ ಹೇಳಿಕೊಟ್ಟಿದ್ದರು: m ಒತ್ತಿ, ಆ ಒಂದು ಅಕ್ಷರದ ಫಾಂಟನ್ನು 'ಸಿಂಬಲ್' ಎಂಬುದಕ್ಕೆ ಬದಲಿಸಿದರೆ ಸಾಕು, µ ಕಾಣಿಸುತ್ತದೆ. ಕಾಣಿಸುವುದು ಮಾತ್ರ, ಒಳಗೆ ಅದು m ಆಗಿಯೇ ಇರುತ್ತದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಹಳೆಯ ಫೈಲು ತೆರೆಯಲು ತುಂಬ ಹೊತ್ತು ಹಿಡಿಯುತ್ತದೆಂದು ಹೊಸದು ಮಾಡಿದೆ. ಹಳೆಯದರಿಂದ ಅಂಕಿ ಅಕ್ಷರ ಮಾತ್ರ ಅಂಟಿಸಿದೆ, ಫಾಂಟ್ ಹೋಯಿತು. ನೋಡದೆ ಹಾಗೆಯೇ ಪ್ರಿಂಟ್ ತೆಗೆದು ಮನೆಗಳಿಗೆ ಕಳಿಸಿದೆ. ಹತ್ತು ದಿನದ ಮೇಲೆ ಒಂದು ಬೆಳಿಗ್ಗೆ ಹೊಸ ಹೆಸರು ಸೇರಿಸಲು ಹೋದಾಗ ಕಣ್ಣಿಗೆ ಬಿತ್ತು: 50 mg. ಬಾಲವೇ ಇಲ್ಲ.

ಥೈರಾಯ್ಡಿನವರು ಮೂವರಿದ್ದರು. ಇಬ್ಬರ ಮನೆಗೆ ಫೋನ್ ಹೋಯಿತು. ಅವರು ದಿನಕ್ಕೊಂದೇ ಮಾತ್ರೆ ಕೊಡುತ್ತಿದ್ದರು, ಹಾಳೆ ನೋಡಿರಲೇ ಇಲ್ಲ. ಮೂರನೆಯದು ಕಲ್ಲುಗುಂಡಿಯ ಒಂದು ಬ್ಯಾರಿ ಮುಸ್ಲಿಮರ ಮನೆ, ವಯಸ್ಸಾದ ಅಮ್ಮ ಮತ್ತು ಮಗಳು. ಅಲ್ಲಿ ರಿಂಗ್ ಆಗಿ ಆಗಿ ನಿಂತಿತು. ಡಾಕ್ಟರ್ ಪುತ್ತೂರಿಗೆ ಹೋಗಿದ್ದರು. ಫೋನಿನಲ್ಲಿ ಹೇಳಿದೆ. "ನೀವೇ ಹೋಗಿ ನೋಡಿ, ಅಲ್ಲಿಂದ ನನಗೆ ಫೋನ್ ಮಾಡಿ" ಎಂದರು.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಅರಂತೋಡಿನಲ್ಲಿ ಯಾರೋ ಅಕ್ಕಿ ಚೀಲ ಇಳಿಸುತ್ತಿದ್ದರು. ಆ ಎರಡು ನಿಮಿಷಕ್ಕೆ ಕಂಡಕ್ಟರನ ಮೇಲೆ ರೇಗಿದೆ. ಆ ಮನೆಯವರು 50 ಎಂಬುದನ್ನು ನೋಡಿ ಐವತ್ತು ಮಾತ್ರೆ ಒಟ್ಟಿಗೆ ಕೊಟ್ಟಿದ್ದರೆ? ಯಾರೂ ಹಾಗೆ ಮಾಡಲಾರರು ಎಂದು ನನಗೇ ಹೇಳಿಕೊಂಡೆ. ಮತ್ತೆ ಫೋನ್ ಒತ್ತಿದೆ. ಮತ್ತೆ ರಿಂಗ್.

ಮನೆಯ ಹಿಂಬದಿಯಲ್ಲಿ ಮಗಳು ಬಂಗುಡೆ ಮೀನು ಕೊಯ್ಯುತ್ತಿದ್ದರು. ಐವತ್ತರ ಹೆಂಗಸು. ಫೋನ್ ಒಳಗೆ ಚಾರ್ಜಿಗಿತ್ತು. ಜಗಲಿಯ ಕುರ್ಚಿಯಲ್ಲಿ ಅವರ ಅಮ್ಮ ಕಣ್ಣು ಮುಚ್ಚಿ ಕೂತಿದ್ದರು.

"ಥೈರಾಯ್ಡಿನ ಮಾತ್ರೆ ಎಷ್ಟು ಕೊಡ್ತಾ ಇದ್ದೀರಿ?"

"ಕೊಡುದೇ ಇಲ್ಲ" ಎಂದರು. "ಹಾಳೆಯಲ್ಲಿ ಎಂಜಿ ಅಂತ ಉಂಟು, ಬಾಟಲಿಯಲ್ಲಿ ಎಂಸಿಜಿ ಉಂಟು. ಬೇರೆ ಮದ್ದು ಅಂತ ನಿಲ್ಲಿಸಿದೆ. ಸಿಸ್ಟರ್ ಬರುವಾಗ ಕೇಳುವ ಅಂತ ಇದ್ದೆ."

"ಹತ್ತು ದಿನದಿಂದಲಾ?"

"ಹೌದು. ಉಮ್ಮನಿಗೆ ಈಗ ಯಾವಾಗ ನೋಡಿದರೂ ತೂಕಡಿಕೆ. ಪ್ರಾಯ ಆಯ್ತಲ್ಲ ಅಂತ ಗ್ರಹಿಸಿದ್ದೆ."

"ಎಂಸಿಜಿ ಅಂದರೆ ಮೈಕ್ರೋಗ್ರಾಂ. ಬಾಟಲಿ ಸರಿ ಉಂಟು, ಹಾಳೆ ತಪ್ಪು. ಟೈಪ್ ಮಾಡಿದ್ದು ನಾನೇ."

ಅವರು ಕೈ ತೊಳೆದುಕೊಂಡು ಬಂದು ನನ್ನ ಮುಖವನ್ನೇ ನೋಡಿದರು. "ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವಳು. ಅಷ್ಟೂ ಗೊತ್ತಿಲ್ಲದವಳಾಗಿದ್ದರೆ ಎಂತ ಮಾಡ್ತಿದ್ದೆ, ಹೇಳಿ?"

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಆಕೆಯ ಕೈಗೆ ಕೊಟ್ಟೆ. ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಿಂದಿನಂತೆ ಒಂದು ಮಾತ್ರೆ ಶುರು ಮಾಡಲಿಕ್ಕೆ, ರಕ್ತ ಪರೀಕ್ಷೆ ಮಾಡಿಸಲಿಕ್ಕೆ ಡಾಕ್ಟರ್ ಹೇಳಿದರು. ಫೋನ್ ಇಟ್ಟ ಮೇಲೆ ಆಕೆ ಹಾಳೆ ಮತ್ತು ಪೆನ್ನು ನನ್ನ ಮುಂದೆ ಇಟ್ಟರು. "ಕನ್ನಡದಲ್ಲಿ ಬರೆಯಿರಿ. ಜೋರಾಗಿ ಓದಿ." ಐವತ್ತು ಮೈಕ್ರೋಗ್ರಾಂ, ದಿನಕ್ಕೆ ಒಂದು ಮಾತ್ರೆ ಎಂದು ಬರೆದು ಓದಿದೆ.

ಆ ಸಂಜೆ ಹುಡುಕಿದಾಗ ತಿಳಿಯಿತು: ನಂಬರ್ ಪ್ಯಾಡ್ ಇದ್ದರೆ ಆಲ್ಟ್ ಹಿಡಿದು 0181 ಒತ್ತಿದರೆ ನಿಜವಾದ µ ಬರುತ್ತದೆ, ಫಾಂಟ್ ಬದಲಾದರೂ ಮಿಲಿ ಆಗುವುದಿಲ್ಲ. ಡಾಕ್ಟರ್ ಅದೂ ಬೇಡ ಎಂದರು. "ಪೂರ್ತಿ ಬರೆಯಿರಿ, ಕನ್ನಡದಲ್ಲಿ." ಕಡಬ ಕಡೆಯ ಮನೆಗಳ ಹಾಳೆಗಳನ್ನೂ ಸೇರಿಸಿ ಎಲ್ಲವನ್ನೂ ಮತ್ತೆ ಟೈಪ್ ಮಾಡಿದೆ. ಮುಗಿಸಿ ಎದ್ದವಳು ಬಾಗಿಲಿನಿಂದ ವಾಪಸು ಬಂದು ಮತ್ತೊಮ್ಮೆ ನೋಡಿದೆ.

ಕೆಲವು ವಾರದಲ್ಲಿ ಆ ಅಮ್ಮ ಚೇತರಿಸಿಕೊಂಡರು. ತಡವಾಗಿ ಬಂದದ್ದಕ್ಕೆ ಸಿಸ್ಟರಿಗೆ ಬೈದರಂತೆ. ಮಗಳು ಹೊಸ ಹಾಳೆಯನ್ನು ನಾನು ಕೈಯಲ್ಲಿ ಬರೆದುಕೊಟ್ಟ ಹಾಳೆಯ ಪಕ್ಕ ಹಿಡಿದು ಅಕ್ಷರ ಅಕ್ಷರ ನೋಡಿ, ಆಮೇಲೆ ತೆಗೆದುಕೊಂಡರಂತೆ.

"ಆ ಮೇಡಂಗೆ ಹೇಳಿ," ಎಂದು ಹೇಳಿ ಕಳಿಸಿದ್ದರು, "ಈ ಸಲ ಸರಿ ಉಂಟು."